ಸ್ವಗತ ತೆಗೆದ ಮೇಲೆ ಅಜೆಫ್ ಎದ್ದು ನಿಂತ: ನನ್ನ ಅನುಭವ

ಗೂಢಚಾರನ ಪಾತ್ರಕ್ಕೆ ಸ್ವಗತ ಕೊಡಬಾರದು. ಮೂರ್ನಾಲ್ಕು ವರ್ಷದಿಂದ ನಾನು ಹೇಳುತ್ತಾ ಬಂದಿರುವುದು ಇಷ್ಟೇ. ನಮ್ಮ ಹವ್ಯಾಸಿ ತಂಡದ ಹಿರಿಯರು ಒಪ್ಪಿರಲಿಲ್ಲ. ‘ಎರಡು ದೋಣಿಯ ಮೇಲೆ ಕಾಲಿಟ್ಟವನ ಕಥೆ ಮಾಡ್ತೀಯ. ಅವನ ಮನಸ್ಸಲ್ಲಿ ಏನಿದೆ ಅಂತ ಹೇಳಿಸದಿದ್ರೆ ಜನ ಏನು ನೋಡಬೇಕು?’ ಅಂದರು. ಲೈಟ್ ಮಾಡುವ ಗೆಳೆಯ ‘ರಷ್ಯಾದ ಕಥೆ, ಸ್ವಗತ ಇಲ್ಲ, ಮೇಲಿಂದ ಟಿಕೆಟ್ ಬೇರೆ ಇಡ್ತೀಯಲ್ಲ ಮಾರಾಯ’ ಅಂತ ಕೈ ಮುಗಿದ. ಈಗ ಶಿರಸಿ ಸುತ್ತಮುತ್ತ ಕೆಲವು, ಉಡುಪಿ ಕಡೆ ಕೆಲವು, ಹುಬ್ಬಳ್ಳಿಯಲ್ಲಿ ಒಂದು ಅಂತ ಹತ್ತರ ಹತ್ತಿರ ಪ್ರದರ್ಶನ ಆಗಿದೆ. ಕೈ ಮುಗಿದವನೇ ಈಗ ಮುಂದಿನ ಡೇಟ್ ಕೇಳುತ್ತಿದ್ದಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಯೆವ್ನೊ ಅಜೆಫ್‌ನದು. ನಾಟಕದವರಿಗೆ ಅವನು ಅಷ್ಟು ಪರಿಚಯ ಇರಲಿಕ್ಕಿಲ್ಲ, ಅದಕ್ಕೆ ಸ್ವಲ್ಪ ಹೇಳುತ್ತೇನೆ. 1869ರಲ್ಲಿ ರಷ್ಯಾ ಸಾಮ್ರಾಜ್ಯದ ಒಂದು ಸಣ್ಣ ಊರಲ್ಲಿ, ಬಡ ಯಹೂದಿ ದರ್ಜಿಯ ಮನೆಯಲ್ಲಿ ಹುಟ್ಟಿದ. ಮಾರಿಕೊಡಲು ತೆಗೆದುಕೊಂಡ ಬೆಣ್ಣೆಯ ದುಡ್ಡು ಹೊಡೆದು ಜರ್ಮನಿಗೆ ಓಡಿದ. ಅಲ್ಲಿ ಇಂಜಿನಿಯರಿಂಗ್ ಓದುತ್ತಾ 1893ರಲ್ಲಿ ತಾನಾಗಿಯೇ ರಷ್ಯಾದ ಪೊಲೀಸರಿಗೆ ಕಾಗದ ಬರೆದ. ಕ್ರಾಂತಿಕಾರಿ ವಿದ್ಯಾರ್ಥಿಗಳ ಸುದ್ದಿ ಕೊಡ್ತೇನೆ, ಎಷ್ಟು ಕೊಡ್ತೀರಿ ಅಂತ. ತಿಂಗಳಿಗೆ 50 ರೂಬಲ್‌ಗೆ ಮಾತಾಯಿತು. ಹತ್ತು ವರ್ಷದಲ್ಲಿ ಅವನು ಸಮಾಜವಾದಿ ಕ್ರಾಂತಿಕಾರಿ ಪಕ್ಷದ ಒಳಗೆ ಎಷ್ಟು ಮೇಲೆ ಹೋದ ಅಂದರೆ, 1903ರಲ್ಲಿ ಹಿಂದಿನ ನಾಯಕ ಗೆರ್ಶುನಿ ಸಿಕ್ಕಿಬಿದ್ದ ಮೇಲೆ ಪಕ್ಷದ ಹೋರಾಟ ದಳಕ್ಕೇ ಇವನು ಮುಖ್ಯಸ್ಥ. ಅಂದರೆ ಬಾಂಬ್ ಹಾಕುವವರಿಗೆಲ್ಲ ಯಜಮಾನ, ಪೊಲೀಸರ ಸಂಬಳದಲ್ಲಿ.

ಇಷ್ಟೇ ಆಗಿದ್ದರೆ ನಾನು ನಾಟಕ ಮಾಡುತ್ತಿರಲಿಲ್ಲ. ಅವನು ಸುಮ್ನೆ ಸುದ್ದಿ ಮಾರಿಕೊಂಡು ಕೂರಲಿಲ್ಲ. 1904ರ ಜುಲೈಯಲ್ಲಿ ಒಳಾಡಳಿತ ಮಂತ್ರಿ ಪ್ಲೆವೆಯ ಗಾಡಿಗೆ ಪೀಟರ್ಸ್‌ಬರ್ಗ್‌ನಲ್ಲಿ ಬಾಂಬ್ ಬಿತ್ತು. ಎಸೆದವನು ಯೆಗೋರ್ ಸಾಜೊನೊವ್. ದಳದ ಸಾವಿನ್ಕೊವ್‌ನಂಥವರು ಬೀದಿಯಲ್ಲಿ ನಿಂತು ನಡೆಸಿದರು, ಮೇಲೆ ಕೂತು ಎಲ್ಲ ಜೋಡಿಸಿದವನು ಅಜೆಫ್. ಪ್ಲೆವೆ ಅಂದರೆ ಇವನಿಗೆ ಸಂಬಳ ಕೊಡುವ ಇಲಾಖೆಯ ಮಂತ್ರಿ! ಹಿಂದಿನ ವರ್ಷ ಕಿಶಿನೆವ್‌ನಲ್ಲಿ ಯಹೂದಿಗಳ ಮೇಲೆ ನಡೆದ ಹತ್ಯಾಕಾಂಡಕ್ಕೆ ಜನ ದೂರುತ್ತಿದ್ದದ್ದೂ ಅವನನ್ನೇ. ಹಾಗಾದರೆ ಅಜೆಫ್ ಕೊಲ್ಲಿಸಿದ್ದು ಸಿಟ್ಟಿಗೋ, ಪಕ್ಷದಲ್ಲಿ ಹೆಸರು ಗಟ್ಟಿ ಮಾಡಿಕೊಳ್ಳಲಿಕ್ಕೋ, ಅಥವಾ ನಿಜವಾಗಿಯೂ ಪಕ್ಷ ನಂಬಿದ್ದನೋ? ನಾಟಕದ ಜೀವ ಇಲ್ಲಿದೆ.

ಮೊದಲ ಪ್ರತಿಯಲ್ಲಿ ಸ್ವಗತಗಳಿದ್ದವು. ಹಿರಿಯರ ಒತ್ತಾಯ. ‘ಇತ್ತ ದೊರೆ, ಅತ್ತ ಗೆಳೆಯರು, ನಡುವೆ ನಾನು’ ಅನ್ನುವ ಧಾಟಿ. ರೀಡಿಂಗ್‌ನಲ್ಲಿ ಎಲ್ಲರೂ ವಾಹ್ ಅಂದರು. ರಂಗದ ಮೇಲೆ ನಿಲ್ಲಿಸಿದರೆ ಸತ್ತುಹೋಯಿತು. ಒಬ್ಬ ಮನುಷ್ಯ ಸ್ಪಾಟ್ ಕೆಳಗೆ ನಿಂತು ತನ್ನ ಸಂಕಟ ಹೇಳಿಕೊಂಡ ಕೂಡಲೇ ಅವನು ಒಳ್ಳೆಯವನಾಗಿಬಿಡುತ್ತಾನೆ. ಜನ ಕ್ಷಮಿಸಿಬಿಡುತ್ತಾರೆ. ಅಲ್ಲಿಗೆ ಮುಗಿಯಿತಲ್ವಾ?

ಎರಡನೆಯದು, ಇಬ್ಬರು ನಟರು. ಒಬ್ಬ ಪೊಲೀಸರ ಅಜೆಫ್, ಒಬ್ಬ ಪಕ್ಷದ ಅಜೆಫ್. ಇದು ನೋಡಲಿಕ್ಕೆ ಚಂದ. ಆದರೆ ಎರಡು ಮನುಷ್ಯರ ಕಥೆಯಾಯಿತು. ಮೇಲಾಗಿ ಇಬ್ಬರಿಗೂ ಪೈಪೋಟಿ ಹತ್ತಿತು, ಒಬ್ಬ ಕೆಮ್ಮಿದರೆ ಇನ್ನೊಬ್ಬ ಸೀನುತ್ತಿದ್ದ. ಯಾರೋ ವಿಭೀಷಣನನ್ನು ತಂದು ಜೋಡಿಸು ಅಂದರು, ಇನ್ಯಾರೋ ಕರ್ಣ ಅಂದರು. ಬೇಡ ಅಂದೆ. ವಿಭೀಷಣ ಹಾಡಹಗಲೇ ಈ ಕಡೆ ಬಂದ. ಕರ್ಣ ತನ್ನ ಹುಟ್ಟು ತಿಳಿದ ಮೇಲೂ ಒಂದೇ ಕಡೆ ನಿಂತ. ಅಜೆಫ್ ಎರಡೂ ಕಡೆ ನಿಂತಿದ್ದ, ಹದಿನೈದು ವರ್ಷ.

ಕೊನೆಗೆ ದಾರಿ ಸಿಕ್ಕಿದ್ದು ತಾಳಮದ್ದಳೆಯಿಂದ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಿಂದ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಒಬ್ಬ ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತನ್ನು ಆಗಿಂದಾಗಲೇ ಕಟ್ಟಿ ಹೇಳುವವನು, ಇವತ್ತು ರಾಮನಾಗಿ ವಾಲಿಯನ್ನು ಕೊಂದದ್ದು ಸರಿ ಅಂತ ವಾದ ಮಾಡುತ್ತಾನೆ, ಮುಂದಿನ ವಾರ ವಾಲಿಯಾಗಿ ಅದೇ ರಾಮನನ್ನು ತೊಳೆದುಹಾಕುತ್ತಾನೆ. ಎರಡು ದಿನವೂ ಅವನು ಸುಳ್ಳು ಹೇಳುತ್ತಿಲ್ಲ. ಅಜೆಫ್‌ಗೆ ಬೇಕಾದದ್ದು ಇದೇ ಅಂತ ಹೊಳೆಯಿತು.

ಹಾಗಾಗಿ ರಿಹರ್ಸಲ್‌ನ್ನೇ ಒಡೆದೆ. ಪಕ್ಷದ ಪಾತ್ರಧಾರಿಗಳು ಶಾಲೆಯ ಜಗಲಿಯಲ್ಲಿ, ಪೊಲೀಸ್ ಪಾತ್ರಧಾರಿಗಳು ಅಡಿಕೆ ಗೋದಾಮಿನಲ್ಲಿ. ಒಬ್ಬರ ದೃಶ್ಯ ಇನ್ನೊಬ್ಬರು ನೋಡುವಂತಿಲ್ಲ, ಸ್ಕ್ರಿಪ್ಟ್ ಓದುವಂತಿಲ್ಲ. ಅಜೆಫ್ ಮಾಡುವವನು ಮಾತ್ರ ಎರಡು ಕಡೆ ಹೋಗುತ್ತಾನೆ. ಹೋದಲ್ಲಿ ಬರೆದ ಮಾತಿಲ್ಲ, ಅರ್ಥ ಹೇಳಬೇಕು. ಎದುರಿಗೆ ಕೂತವರು ಕೇಳುತ್ತಾರೆ: ನಿನ್ನನ್ನು ಯಾಕೆ ನಂಬಬೇಕು? ಅವನು ಆ ಜಾಗದಲ್ಲಿ ಪೂರ್ತಿ ಮನಸ್ಸಿನಿಂದ ಉತ್ತರ ಕೊಡಬೇಕು. ಆಮೇಲೆ ಸ್ಕೂಟರ್ ಹತ್ತಿ ಇನ್ನೊಂದು ಕಡೆ. ಈ ರಗಳೆ ಒಂದು ಮಳೆಗಾಲ ಪೂರ್ತಿ ನಡೆಯಿತು.

ಇದರಿಂದ ಏನಾಯಿತು ಅಂದರೆ, ಎರಡೂ ಗುಂಪಿನವರಿಗೆ ಅವನ ಮೇಲೆ ಪ್ರೀತಿ ಬಂತು. ನಿಜವಾದ ಪ್ರೀತಿ. ‘ನಮ್ಮವನು’ ಅನ್ನತೊಡಗಿದರು. ಗೋದಾಮಿನವರು ಅವನಿಗೆ ಚಹಾ ಎತ್ತಿಡುತ್ತಿದ್ದರು, ಜಗಲಿಯವರು ಮಂಡಕ್ಕಿ. ಎರಡು ಕಡೆಯವರನ್ನೂ ಒಟ್ಟಿಗೆ ಕೂರಿಸಿ ಮೊದಲ ರನ್‌ಥ್ರೂ ಮಾಡಿದ ದಿನ ಸಾವಿನ್ಕೊವ್ ಪಾತ್ರದ ಹುಡುಗ ಮಧ್ಯದಲ್ಲೇ ಎದ್ದುಹೋದ. ಪೊಲೀಸ್ ದೃಶ್ಯದಲ್ಲಿ ಅಜೆಫ್ ಸಾವಿನ್ಕೊವ್‌ನ ಹೆಸರು ಹೇಳಿಕೊಡುವುದನ್ನು ಅವನು ಅವತ್ತೇ ಮೊದಲು ಕೇಳಿದ್ದು. ಆ ಮುಖ ನೋಡಿದ ಮೇಲೆ ಇದು ಆಗುತ್ತದೆ ಅಂತ ನನಗೆ ಧೈರ್ಯ ಬಂತು. ಅವನನ್ನು ಸಮಾಧಾನ ಮಾಡಿ ಕರೆತರಲು ಎರಡು ದಿನ ಬೇಕಾಯಿತು ಅನ್ನುವುದು ಬೇರೆ ಮಾತು.

ಇಷ್ಟಾದ ಮೇಲೆ ಸ್ವಗತದ ಜಾಗದಲ್ಲಿ ಏನಿಡಬೇಕು? ಲೆಕ್ಕ ಇಟ್ಟೆ. ಅಜೆಫ್‌ಗೆ ಎರಡು ಕಡೆಯಿಂದ ದುಡ್ಡು. ಪೊಲೀಸರ ಸಂಬಳ 50ರಿಂದ ಶುರುವಾಗಿ ಕೊನೆಗೆ ತಿಂಗಳಿಗೆ ಸಾವಿರ ರೂಬಲ್‌ವರೆಗೆ ಹೋಗಿತ್ತು. ಇನ್ನೊಂದು ಕಡೆ ದಳದ ಖರ್ಚಿನ ದುಡ್ಡೂ ಅವನ ಕೈಯಲ್ಲೇ. ಕುದುರೆ ಗಾಡಿ ಕೊಳ್ಳಬೇಕು, ಮನೆ ಬಾಡಿಗೆ ಕೊಡಬೇಕು, ಡೈನಮೈಟ್ ತರಬೇಕು. ಅವರ ಹುಡುಗರು ಗಾಡಿ ಹೊಡೆಯುವವರಾಗಿ, ಸಿಗರೇಟು ಮಾರುವವರಾಗಿ ಬೀದಿಯಲ್ಲಿ ತಿಂಗಳುಗಟ್ಟಲೆ ನಿಂತು ಮಂತ್ರಿಯ ಗಾಡಿ ಯಾವಾಗ ಹೋಗುತ್ತದೆ ಅಂತ ನೋಡುತ್ತಿದ್ದರು. ಅದಕ್ಕೆಲ್ಲ ದುಡ್ಡು ಬೇಕಲ್ವಾ. ನಮ್ಮ ನಾಟಕದಲ್ಲಿ ಪ್ರತಿ ದೃಶ್ಯ ಮುಗಿದ ಮೇಲೆ ಅಜೆಫ್ ಮೇಜಿನ ಮುಂದೆ ಕೂತು ನೋಟು ಎಣಿಸುತ್ತಾನೆ. ಮಾತಿಲ್ಲ. ಯಾವ ದುಡ್ಡು ಯಾವ ಜೇಬಿಗೆ ಅನ್ನುವುದಷ್ಟೇ ಆಟ. ಮಧ್ಯಂತರ ಆದ ಮೇಲೆ ಜನ ಕೈಯನ್ನೇ ನೋಡುತ್ತಿರುತ್ತಾರೆ.

ಪಾತ್ರ ಮಾಡುವವನು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಆರಿಸಿದ್ದೇ ಅದಕ್ಕೆ. ಅವನ ಕೈ ತಾನಾಗಿ ಎಣಿಸುತ್ತದೆ, ಮುಖ ಖಾಲಿ ಇರುತ್ತದೆ. ಯಾವ ಶಿಬಿರದಲ್ಲೂ ಕಲಿಸಲಿಕ್ಕೆ ಆಗದ ವಿದ್ಯೆ. ಪ್ಲೆವೆ ಸತ್ತ ಮೇಲಿನ ಎಣಿಕೆಯಲ್ಲಿ ಒಂದು ಬದಲಾವಣೆ ಇದೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ನಾಟಕ ಇನ್ನೂ ಓಡುತ್ತಿದೆ. ಕೋಟು ಬದಲಿಸುವ ಉಪಾಯವನ್ನೂ ಹೇಳಲ್ಲ. ಬ್ಲ್ಯಾಕ್‌ಔಟ್ ಇಲ್ಲದೆ ಮಾಡುತ್ತೇವೆ, ಅಷ್ಟು ತಿಳಿದರೆ ಸಾಕು.

ಮಧ್ಯೆ ಒಂದು ಅಡ್ಡದಾರಿ ಹಿಡಿದಿದ್ದೆ. 1905ರ ಫೆಬ್ರುವರಿಯಲ್ಲಿ ಮಾಸ್ಕೋದಲ್ಲಿ ಅದೇ ದಳದ ಕಲ್ಯಾಯೆವ್ ಬಾಂಬ್ ಹಿಡಿದು ನಿಂತಿದ್ದ. ದೊರೆಯ ಚಿಕ್ಕಪ್ಪ ಗ್ರ್ಯಾಂಡ್ ಡ್ಯೂಕ್ ಸೆರ್ಗೈ ಗಾಡಿ ಬಂತು. ಒಳಗೆ ಹೆಂಡತಿ, ತಮ್ಮನ ಮಕ್ಕಳು. ಕೈ ಎತ್ತಿದವನು ಇಳಿಸಿದ. ಎರಡು ದಿನ ಬಿಟ್ಟು ಒಬ್ಬನೇ ಸಿಕ್ಕಾಗ ಎಸೆದ, ಆಮೇಲೆ ಗಲ್ಲಿಗೆ ಹೋದ. ಈ ಭಾಗಕ್ಕೆ ನಮ್ಮೂರಿನ ಭಾಗವತರಿಂದ ಪದ ಹಾಡಿಸಿದೆ, ಮದ್ದಳೆ ಮಾತ್ರ, ಚಂಡೆ ಇಲ್ಲ. ಅಬ್ಬಾ, ಎಂಥ ದೃಶ್ಯ ಆಯಿತು ಅಂದರೆ ಜನ ಅತ್ತರು. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಅಜೆಫ್‌ನನ್ನು ಮರೆತೇಬಿಟ್ಟರು. ಮನಸ್ಸು ಗಟ್ಟಿ ಮಾಡಿ ಎರಡು ನಿಮಿಷಕ್ಕೆ ಇಳಿಸಿದೆ. ಭಾಗವತರು ಇನ್ನೂ ಬೇಜಾರಲ್ಲಿದ್ದಾರೆ. ಅದನ್ನೇ ಬೇರೆ ಪ್ರಸಂಗ ಮಾಡುವ ಯೋಚನೆ ಇದೆ.

ಪ್ರೇಕ್ಷಕರನ್ನು ಎರಡು ಭಾಗ ಮಾಡಿ ಎಡಗಡೆಯವರಿಗೆ ಪೊಲೀಸ್ ದೃಶ್ಯ, ಬಲಗಡೆಯವರಿಗೆ ಪಕ್ಷದ ದೃಶ್ಯ ಮಾತ್ರ ಕಾಣುವಂತೆ ಪರದೆ ಕಟ್ಟಿಯೂ ನೋಡಿದೆ. ಒಂದೇ ಪ್ರದರ್ಶನ. ಗಂಡ ಹೆಂಡತಿ ಬೇರೆ ಬೇರೆ ಕೂರಲು ಒಪ್ಪಲಿಲ್ಲ, ಮಕ್ಕಳು ಪರದೆ ಕೆಳಗೆ ನುಸುಳಿದರು. ಬಿಟ್ಟೆ.

ಅಜೆಫ್‌ನನ್ನು ಬಯಲಿಗೆಳೆದ ಬರ್ಟ್ಸೆವ್ ಭಾಗದಲ್ಲಿ ನನಗೆ ಹೆಚ್ಚು ಕೆಲಸ ಇರಲಿಲ್ಲ, ಚರಿತ್ರೆಯೇ ಬರೆದುಕೊಟ್ಟಿದೆ. ಪಕ್ಷದಲ್ಲಿ ದ್ರೋಹಿ ಇದ್ದಾನೆ ಅಂತ 1905ರಲ್ಲೇ ಒಂದು ಕಾಗದ ಬಂದಿತ್ತು. ಅದರಲ್ಲಿ ಎರಡು ಹೆಸರು: ತತಾರೊವ್, ಅಜೆಫ್. ತತಾರೊವ್‌ನನ್ನು ಪಕ್ಷದವರು ಕೊಂದರು, ಅಜೆಫ್‌ನನ್ನು ನಂಬಿದರು. ಆಮೇಲೆ ಪತ್ರಕರ್ತ ಬರ್ಟ್ಸೆವ್ ಬೆನ್ನು ಹತ್ತಿದ. 1908ರಲ್ಲಿ, ಕಲೋನ್‌ನಿಂದ ಬರ್ಲಿನ್‌ಗೆ ಹೋಗುವ ರೈಲಿನಲ್ಲಿ, ಪೊಲೀಸ್ ಇಲಾಖೆಯ ಮಾಜಿ ನಿರ್ದೇಶಕ ಲೊಪುಹಿನ್ ಜೊತೆ ಕೂತು ಗಂಟೆಗಟ್ಟಲೆ ತನಗೆ ಗೊತ್ತಿದ್ದದ್ದನ್ನು ಹೇಳುತ್ತಾ ಹೋದ. ಕೊನೆಗೆ ಲೊಪುಹಿನ್ ಬಾಯಿಂದ ಹೆಸರು ಬಂತು. ಪಕ್ಷ ಏನು ಮಾಡಿತು? ಪ್ಯಾರಿಸ್‌ನಲ್ಲಿ ವಿಚಾರಣೆ ಕೂರಿಸಿತು, ಅಜೆಫ್‌ಗಲ್ಲ, ಬರ್ಟ್ಸೆವ್‌ಗೆ! ನಮ್ಮ ನಾಯಕನ ಮೇಲೆ ಅಪವಾದ ಹೊರಿಸ್ತೀಯಾ ಅಂತ. ತೀರ್ಪು ಕೊಡಲು ಕೂತವರಲ್ಲಿ ಹೆಸರಾಂತ ಹಿರಿಯ ಕ್ರಾಂತಿಕಾರಿಗಳಾದ ಕ್ರೊಪೊಟ್ಕಿನ್, ವೆರಾ ಫಿಗ್ನರ್ ಕೂಡ ಇದ್ದರು. ಈ ದೃಶ್ಯವನ್ನು ಜಗಲಿಯವರು ಅರ್ಥ ಹೇಳಿಯೇ ಕಟ್ಟಿದರು. ಒಂದು ದಿನ ಎಷ್ಟು ಕಾವೇರಿತು ಅಂದರೆ ಬರ್ಟ್ಸೆವ್ ಪಾತ್ರದ ಮೇಷ್ಟ್ರು ನಿಜವಾಗಿ ಬೆವರಿದರು.

ಅಜೆಫ್ ಸಿಕ್ಕಿಬಿದ್ದದ್ದೂ ಲೆಕ್ಕದಲ್ಲೇ. ಗುಟ್ಟಾಗಿ ಲೊಪುಹಿನ್‌ನನ್ನು ಕಂಡಿದ್ದ ಅನ್ನುವ ದೂರು ಬಂದಾಗ, ಆ ದಿನ ಬರ್ಲಿನ್‌ನಲ್ಲಿದ್ದೆ ಅಂತ ತಂಗಿದ ಜಾಗದ ಬಿಲ್ ತೋರಿಸಿದ, ಪಕ್ಷದವರು ವಿಚಾರಿಸಿದಾಗ ಅದು ನಿಲ್ಲಲಿಲ್ಲ. ರಾತ್ರೋರಾತ್ರಿ ಓಡಿದ. ಪಕ್ಷವನ್ನು ನಂಬಿದ್ದ ಹೆಂಡತಿಗೆ ಅಲ್ಲಿವರೆಗೂ ಏನೂ ಗೊತ್ತಿರಲಿಲ್ಲ. ನಾನು ಆ ಬಿಲ್ಲನ್ನು ರಂಗದ ಮೇಲೆ ಹೆಂಡತಿಯ ಕೈಗೆ ಕೊಟ್ಟಿದ್ದೇನೆ. ಚರಿತ್ರೆಯಲ್ಲಿ ಹಾಗಿಲ್ಲ, ನಾಟಕಕ್ಕೆ ಬೇಕಿತ್ತು.

ಇನ್ನು ದುಡ್ಡು. ತುಪ್ಪಳದ ಕೋಟು ಬಾಡಿಗೆಗೆ ಕೇಳಿದರೆ ಒಂದು ವೇಷಭೂಷಣದ ಅಂಗಡಿಯವರು ದಿನಕ್ಕೆ ಸಾವಿರದೈನೂರು, ಮೇಲೆ ಹತ್ತು ಸಾವಿರ ಡಿಪಾಸಿಟ್ ಅಂದರು. ಡಿಪಾಸಿಟ್‌ನಲ್ಲಿ ಮೂರು ಸಾವಿರ ಕಲೆ ಅಂತ ಹಿಡಿದುಕೊಂಡರು. ಕಲೆ ಮೊದಲೇ ಇತ್ತು. ಆಮೇಲೆ ಎರಡು ಕರಿ ಕಂಬಳಿ ತಂದು ಟೈಲರ್ ಹತ್ತಿರ ಕೋಟು ಹೊಲಿಸಿದೆ, ಎಲ್ಲ ಸೇರಿ ಮೂರು ಸಾವಿರದ ಒಳಗೆ. ಲೈಟ್ ಕೆಳಗೆ ರಷ್ಯಾದ ಕೋಟೇ. ರೂಬಲ್ ನೋಟಿಗೆ ಮಾಮೂಲಿ ಜೆರಾಕ್ಸ್ ಕಾಗದ ಆಗಲ್ಲ, ಶಬ್ದ ಬರಲ್ಲ. ದಪ್ಪ ಬಾಂಡ್ ಪೇಪರ್ ಹಾಕಿ, ಚಹಾ ನೀರಲ್ಲಿ ಅದ್ದಿ ಒಣಗಿಸಿ, ಕೈಯಲ್ಲಿ ಉಜ್ಜಿ ಹಳತು ಮಾಡಬೇಕು. ಕೊನೆಯ ಸಾಲಿಗೂ ಎಣಿಕೆ ಕೇಳುತ್ತದೆ, ಮೈಕ್ ಬೇಡ. ಹಾಲ್, ಲೈಟ್, ಟೆಂಪೋ, ಊಟ ಸೇರಿ ಮೊದಲ ಪ್ರದರ್ಶನಕ್ಕೆ ಎಪ್ಪತ್ತು ಸಾವಿರ ಚಿಲ್ಲರೆ ಹೋಯಿತು. ಟಿಕೆಟ್‌ನಿಂದ ಬಂದದ್ದು ಹದಿನಾಲ್ಕೋ ಹದಿನೈದೋ. ಮನೆಯಲ್ಲಿ ಒಂದು ತಿಂಗಳು ಈ ವಿಷಯ ಎತ್ತಲಿಲ್ಲ. ಈಗ ಕರೆಸುವವರು ಇಪ್ಪತ್ತೈದು ಸಾವಿರದ ಸುತ್ತ ಕೊಡುತ್ತಾರೆ, ಹಾಕಿದ್ದು ಬಂದಿದೆ.

ಕೊನೆಯ ದೃಶ್ಯ 1912, ಫ್ರಾಂಕ್‌ಫರ್ಟ್. ತಲೆಮರೆಸಿಕೊಂಡಿದ್ದ ಅಜೆಫ್ ಬರ್ಟ್ಸೆವ್‌ನನ್ನು ಭೇಟಿ ಮಾಡಿದ್ದು ನಿಜ. ತನ್ನಿಂದ ಪಕ್ಷಕ್ಕೆ ಆದ ಲಾಭ ಎಷ್ಟು, ನಷ್ಟ ಎಷ್ಟು ಅಂತ ತೂಗಿ ನೋಡಿ ಅಂದನಂತೆ. ಪ್ಲೆವೆ ಒಂದು ತಟ್ಟೆಯಲ್ಲಿ, ಹಿಡಿದುಕೊಟ್ಟವರು ಇನ್ನೊಂದರಲ್ಲಿ. ಇದನ್ನು ಮಾತ್ರ ಕ್ಯಾಷಿಯರ್‌ಗೆ ಪೂರ್ತಿ ಬಿಟ್ಟಿದ್ದೇನೆ. ಬರೆದ ಮಾತಿಲ್ಲ, ಪ್ರತಿ ಪ್ರದರ್ಶನದಲ್ಲೂ ಅವನು ಹೊಸದಾಗಿ ಅರ್ಥ ಹೇಳುತ್ತಾನೆ. ಕೆಲವು ದಿನ ಪಕ್ಷದವನಾಗಿಯೇ ಮಾತಾಡುತ್ತಾನೆ. ಹುಬ್ಬಳ್ಳಿಯಲ್ಲಿ ಪೂರ್ತಿ ಪೊಲೀಸರ ಕಡೆ ವಾಲಿದ. ನಾಟಕ ಮುಗಿದ ಮೇಲೆ ಹೊರಗೆ ಚಹಾ ಅಂಗಡಿಯಲ್ಲಿ ಇಬ್ಬರು ಮುದುಕರು ಅವನು ಯಾರ ಕಡೆ ಅಂತ ಜಗಳವಾಡುತ್ತಿದ್ದರು. ಒಬ್ಬರು ನನ್ನನ್ನು ಹಿಡಿದು ‘ನೀವೇ ಹೇಳ್ರಿ’ ಅಂದರು. ನಾನು ಟೆಂಪೋ ಲೋಡ್ ಆಗ್ತಿದೆ ಅಂತ ಜಾರಿಕೊಂಡೆ.

ಮಾಡುವವರಿಗೆ ಒಂದೆರಡು ಮಾತು. ಬೇಸಿಗೆಯಲ್ಲಿ ಕಂಬಳಿ ಕೋಟಿನ ನಾಟಕ ಇಟ್ಟುಕೊಳ್ಳಬೇಡಿ, ಎರಡನೇ ಅಂಕಕ್ಕೆ ನಟ ಉಳಿಯಲ್ಲ. ಎರಡು ಗುಂಪನ್ನು ನಿಜವಾಗಿಯೂ ಬೇರೆ ಇಡಿ, ಒಂದೇ ವಾಟ್ಸಾಪ್ ಗ್ರೂಪ್ ಇದ್ದರೆ ಎಲ್ಲ ಹಾಳು. ಸ್ಕ್ರಿಪ್ಟ್ ಬೇಕಾದರೆ ಕೊಡುತ್ತೇನೆ. ಎಣಿಕೆಯ ಜಾಗಗಳಲ್ಲಿ ಬರೀ ಗೆರೆ ಎಳೆದಿರುತ್ತದೆ, ಅಲ್ಲಿ ಏನು ಮಾಡಬೇಕು ಅನ್ನುವುದನ್ನು ಬಂದು ನೋಡಿ ತಿಳಿದುಕೊಳ್ಳಿ. ಮುಂದಿನ ಪ್ರದರ್ಶನ ದೀಪಾವಳಿ ಕಳೆದ ಮೇಲೆ.