ಬೆಂಕಿ ಸ್ಲ್ಯಾಬಿನೊಳಗೆ ಎಷ್ಟು ಆಳ ಇಳಿದಿದೆ?

ಗೋದಾಮಿನ ಬೆಂಕಿ ಆರಿದ ಮೇಲೆ ಮಾಲೀಕರು ಕೇಳಿದ್ದು ಇಷ್ಟೇ: "ಸಾರ್, ಸ್ಲ್ಯಾಬ್ ಒಡೀಬೇಕಾ, ಉಳಿಸ್ಕೋಬಹುದಾ?" ಇದಕ್ಕೆ ಉತ್ತರ ಹೇಳಲು ಸುಟ್ಟ ಪದರ ಎಷ್ಟು ದಪ್ಪವಿದೆ ಎಂದು ತಿಳಿಯಬೇಕು. ಕೋರ್, ಅಂದರೆ ಉರುಳೆಯಾಕಾರದ ಕಾಂಕ್ರೀಟು ತುಂಡು, ಕೊರೆದು ತೆಗೆದರೆ ತಿಳಿಯುತ್ತದೆ, ನಿಜ. ಆದರೆ ಮೊದಲೇ ಪೆಟ್ಟು ತಿಂದ ಸ್ಲ್ಯಾಬಿಗೆ ಎಲ್ಲೆಂದರಲ್ಲಿ ತೂತು ಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಬೆಂಕಿ ಆರಿಸಲು ಸುರಿದ ನೀರು ಒಣಗುವವರೆಗೆ ಕಾದೆವು. ಒದ್ದೆ ಕಾಂಕ್ರೀಟಿನಲ್ಲಿ ಶಬ್ದ ವೇಗವಾಗಿ ಓಡಿ, ಹಾಳಾದದ್ದೂ ಚೆನ್ನಾಗಿರುವಂತೆ ತೋರುತ್ತದೆ. ಆಮೇಲೆ ಮೇಲೊಂದು, ಕೆಳಗೊಂದು 54 ಕಿಲೋಹರ್ಟ್ಸ್ ಪ್ರೋಬ್ (ಒಂದು ಶಬ್ದ ಕಳಿಸುವುದು, ಇನ್ನೊಂದು ಹಿಡಿಯುವುದು) ಇಟ್ಟು ಯುಪಿವಿ, ಅಂದರೆ ಕಾಂಕ್ರೀಟಿನಲ್ಲಿ ಶ್ರವಣಾತೀತ ಶಬ್ದದ ವೇಗ, ತೆಗೆದೆ. ಸ್ಲ್ಯಾಬಿನ 200 ಮಿ.ಮೀ. ದಪ್ಪ ದಾಟಲು ಸುಮಾರು 60 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿಗೆ 3.3 ಕಿ.ಮೀ. 1992ರ ಭಾರತೀಯ ಮಾನಕ ಐಎಸ್ 13311ರ ಕಾಂಕ್ರೀಟ್ ಗುಣಮಟ್ಟದ ಪಟ್ಟಿಯಲ್ಲಿ ಇದು 'ಮಧ್ಯಮ'. ಈಗ ಆ ಜಾಗಕ್ಕೆ ಐಎಸ್ 516ರ ಐದನೇ ಭಾಗ ಬಂದಿದೆ, ಆದರೆ ಯಾವ ಪಟ್ಟಿ ಹಿಡಿದರೂ ಈ ಒಂದೇ ಅಂಕಿ ಸಾಲದು. ಮೇಲಿನ ಗಟ್ಟಿ ಕಾಂಕ್ರೀಟು, ಕೆಳಗಿನ ಸುಟ್ಟದ್ದು ಎರಡೂ ಬೆರೆತ ಸರಾಸರಿ ಅದು.

ಹಾಗಾಗಿ ಎರಡೂ ಪ್ರೋಬ್‌ಗಳನ್ನು ತಳಭಾಗದಲ್ಲೇ ಇಟ್ಟೆ. ಅಟ್ಟಣಿಗೆ ಮೇಲೆ ನಿಂತು, ಗ್ರೈಂಡರ್‌ನಲ್ಲಿ ಮಸಿ ಉಜ್ಜಿ, ಗ್ರೀಸ್ ಬಳಿದು, ತಲೆಯ ಮೇಲೆ ಕೈಯೆತ್ತಿ ಒತ್ತಿ ಹಿಡಿಯಬೇಕು. ಗ್ರೀಸ್ ಪದರದಲ್ಲಿ ಗಾಳಿ ಉಳಿದರೆ ರೀಡಿಂಗ್ ಕುಣಿಯುತ್ತದೆ. ಒಳಗಿನ ಕಂಬಿಯ ಜಾಗವನ್ನು ಅದನ್ನು ಹೊರಗಿನಿಂದಲೇ ಪತ್ತೆಹಚ್ಚುವ ಕವರ್ ಮೀಟರ್‌ನಲ್ಲಿ ಮೊದಲೇ ಗುರುತಿಸಿ, ಕಂಬಿಗೆ ಓರೆಯಾಗಿ ಗೆರೆ ಎಳೆದೆ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5.9 ಕಿ.ಮೀ., ಕಂಬಿಯ ಗುಂಟ ಅಳೆದರೆ ಕಾಂಕ್ರೀಟಿನ ಲೆಕ್ಕ ಕೆಡುತ್ತದೆ. ಒಂದು ಪ್ರೋಬ್ ಕದಲಿಸದೆ ಇನ್ನೊಂದನ್ನು 50 ಮಿ.ಮೀ. ಹೆಜ್ಜೆಯಲ್ಲಿ ದೂರ ಸರಿಸುತ್ತ ಹೋದೆ.

ದೂರಕ್ಕೂ ಸಮಯಕ್ಕೂ ಗ್ರಾಫ್ ಹಾಕಿದಾಗ ಗೆರೆ 200 ಮಿ.ಮೀ. ಹತ್ತಿರ ಬಾಗಿತು. ಅಲ್ಲಿಯವರೆಗೆ ಅಲೆ ಸುಟ್ಟ ಪದರದಲ್ಲೇ ಓಡುತ್ತಿತ್ತು, ವೇಗ 2.2 ಕಿ.ಮೀ. ಅದರಾಚೆ, ಒಳಗಿನ ಗಟ್ಟಿ ಕಾಂಕ್ರೀಟಿಗಿಳಿದು ಸುತ್ತಿ ಬರುವ ಅಲೆಯೇ ಮೊದಲು ತಲುಪುತ್ತದೆ, 4.1 ಕಿ.ಮೀ. ಬಾಗಿದ ದೂರದ ಅರ್ಧವನ್ನು, ಎರಡು ವೇಗಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದರ ವರ್ಗಮೂಲದಿಂದ ಗುಣಿಸಿದರೆ ಪದರದ ದಪ್ಪ: ಸುಮಾರು 55 ಮಿ.ಮೀ. ಎಷ್ಟು ಸರಳ ಲೆಕ್ಕ! ಆದರೂ ವರದಿಗಳಲ್ಲಿ ಇದನ್ನು ಕಾಣುವುದು ಅಪರೂಪ, ಅದು ನನಗೆ ಬೇಸರ.

ತಾಳೆ ನೋಡಲು ಮೇಲ್ಮೈ ಅಲೆಗಳನ್ನೂ ಬಳಸಿದೆ. ಸಣ್ಣ ಉಕ್ಕಿನ ಗುಂಡಿನಿಂದ ತಟ್ಟಿ, ಸಾಲಾಗಿ ಅಂಟಿಸಿದ ಎರಡು ಆಕ್ಸೆಲರೋಮೀಟರ್‌ಗಳಲ್ಲಿ (ಕಂಪನ ಅಳೆಯುವ ಸಾಧನ) ಅಲೆ ಹಿಡಿಯುವುದು. ರೇಲೀ ಅಲೆ ಎಂದು ಕರೆಯುವ ಈ ಮೇಲ್ಮೈ ಅಲೆ ಹೆಚ್ಚುಕಡಿಮೆ ತನ್ನ ಅಲೆಯುದ್ದದಷ್ಟೇ ಆಳ ತಲುಪುತ್ತದೆ. ಗುಂಡು ಚಿಕ್ಕದಾದಷ್ಟೂ ಆವರ್ತನ ಹೆಚ್ಚು, ಆಳ ಕಡಿಮೆ. ಇಲ್ಲಿ 40 ಮಿ.ಮೀ. ಉದ್ದದ ಅಲೆಗಳ ವೇಗ 1.2 ಕಿ.ಮೀ. ಇದ್ದರೆ, ಉದ್ದ ಹೆಚ್ಚಿದಂತೆ ಅದು 2ರ ಹತ್ತಿರ ಏರಿತು, ಅಂದರೆ ಇದೂ ಮೇಲ್ಮೈ ಬಳಿ ಸುಟ್ಟದ್ದು, ಒಳಗೆ ಗಟ್ಟಿ ಎಂದೇ ಹೇಳಿತು. ಅಲೆಯುದ್ದ ಸ್ಲ್ಯಾಬಿನ ದಪ್ಪವನ್ನು ಮೀರಿದ ಮೇಲಿನ ಅಂಕಿಗಳನ್ನು ಕೈಬಿಟ್ಟೆ. ಅಲ್ಲಿ ಇಡೀ ಸ್ಲ್ಯಾಬೇ ತಗಡಿನಂತೆ ಕಂಪಿಸುತ್ತದೆ.

ಕೊನೆಗೆ ಕೋರ್ ತೆಗೆಸಿದೆ, ಅಲೆಗಳು ತೋರಿಸಿದ ಜಾಗಗಳಲ್ಲಿ ಮಾತ್ರ. ಕಾಂಕ್ರೀಟು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬರುವ ಗುಲಾಬಿ ಛಾಯೆ ತಳದಿಂದ ಸುಮಾರು 60 ಮಿ.ಮೀ. ವರೆಗೆ ಇತ್ತು. ತಳದ ಕಂಬಿಗಳೆಲ್ಲ ಆ ಪದರದೊಳಗೇ ಇದ್ದವು. ಆದ್ದರಿಂದ ಕಂಬಿಯ ಹಿಂಬದಿಯವರೆಗೆ ಕೆತ್ತಿಸಿ, ಕಂಬಿಯ ತುಂಡುಗಳನ್ನು ಎಳೆತದ ಪರೀಕ್ಷೆಗೆ ಕಳಿಸಿ, ಆಮೇಲೆ ದುರಸ್ತಿಯ ವಿನ್ಯಾಸ ಮಾಡಿ ಎಂದು ಮಾಲೀಕರಿಗೆ ಬರೆದುಕೊಟ್ಟೆ.