ಅಚ್ಚಿನ ಬಿರುಕೋ, ಬರೀ ಗೀರೋ: ನೆರಳು ನೋಡಿ ಹೇಳುವ ನನ್ನ ದಾರಿ

ನಾಣ್ಯದ ಮೇಲಿನ ಗೆರೆ ಅಚ್ಚು ಬಿರಿದು ಬಂದಿದ್ದೋ, ಆಮೇಲೆ ಬಿದ್ದ ಗೀರೋ ಅನ್ನೋದನ್ನು ಬರೀ ದೀಪ, ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ) ಇಟ್ಟುಕೊಂಡು ಹೇಳೋಕೆ ಆಗಲ್ಲ ಅಂತ ನಮ್ಮ ನಾಣ್ಯದ ಗೆಳೆಯರು ನಗುತ್ತಿದ್ದರು. ಈಗ ಅನುಮಾನದ ಬೆಳ್ಳಿ ನಾಣ್ಯ ಸಿಕ್ಕರೆ ಮೊದಲು ನನಗೇ ತೋರಿಸುತ್ತಾರೆ.

ನಾಣ್ಯ ಹೊಡೆಯುವ ಅಚ್ಚು ಬಿರಿದರೆ ಆ ಸಂದಿಗೆ ಲೋಹ ನುಗ್ಗಿ ನಾಣ್ಯದ ಮೇಲೆ ಗೆರೆ ಏಳುತ್ತದೆ. ಹಾಗಾಗಿ ಬಿರುಕು ಉಬ್ಬು, ಗೀರು ತಗ್ಗು. ಇದು ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಕಣ್ಣಲ್ಲಿ. ಬೆಳಕಿನ ದಿಕ್ಕು ಮರೆತರೆ ತಗ್ಗೂ ಉಬ್ಬಾಗಿ ಕಾಣುತ್ತದೆ. ಜೊತೆಗೆ ಬೆಳ್ಳಿ ಮೆತ್ತಗಿನ ಲೋಹ. ಗೀರು ಬಿದ್ದಾಗ ಎರಡೂ ಬದಿಗೆ ಲೋಹ ಏಳುತ್ತದೆ. ಆ ಏರಿ ಹೊಳೆದರೆ ಸಾಕು, ನೋಡಿದವರು ಬಿರುಕು ಅಂದುಬಿಡುತ್ತಾರೆ.

ಇದನ್ನು ಕಂಡುಹಿಡಿಯೋಕೆ ಮೊದಲು ಏನೇನೋ ಮಾಡಿ ನೋಡಿದೆ. ಜಾಸ್ತಿ ದುಡ್ಡು ಹೋಗಿದ್ದು ಯುಎಸ್‌ಬಿ ಮೈಕ್ರೋಸ್ಕೋಪ್‌ಗೆ. ಆ ದುಡ್ಡಿಗೆ ಮೂರು ಒಳ್ಳೆ ಲೂಪ್ ಬರುತ್ತಿತ್ತು. ಲೆನ್ಸ್ ಸುತ್ತಲೂ ಎಲ್‌ಇಡಿ, ಹಾಗಾಗಿ ನೆರಳೇ ಬೀಳುವುದಿಲ್ಲ. ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಕಪ್ಪು ಟೇಪ್ ಅಂಟಿಸಿದ ಮೇಲೆ ಸ್ವಲ್ಪ ಉಪಯೋಗಕ್ಕೆ ಬಂತು. ಮಾಡೆಲಿಂಗ್ ಕ್ಲೇ ಒತ್ತಿ ಪಡಿಯಚ್ಚು ತೆಗೆಯುವುದನ್ನೂ ಒಂದು ಸವೆದ ನಾಣ್ಯದ ಮೇಲೆ ನೋಡಿದೆ. ಪಡಿಯಚ್ಚು ಚೆನ್ನಾಗೇ ಬಂತು. ಆದರೆ ಕೆಲವು ಕ್ಲೇಗಳಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಒಳ್ಳೆ ನಾಣ್ಯದ ಹತ್ತಿರ ಅದನ್ನು ತರಬೇಡಿ.

ಈಗ ನಾನು ಮಾಡುವುದು ಇಷ್ಟು. ಬೇರೆ ದೀಪ ಆರಿಸಿ, ಒಂದೇ ಟೇಬಲ್ ಲ್ಯಾಂಪನ್ನು ತೀರಾ ಕೆಳಗೆ, ಸುಮಾರು 15 ಡಿಗ್ರಿ ಓರೆಯಲ್ಲಿ ಇಡುತ್ತೇನೆ. ಗೆರೆಗೆ ಬೆಳಕು ಅಡ್ಡವಾಗಿ ಬೀಳುವ ತನಕ ನಾಣ್ಯ ತಿರುಗಿಸಬೇಕು. 10ಎಕ್ಸ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಸಾಕು. ಮೊದಲು ಪಕ್ಕದ ಅಕ್ಷರ ನೋಡಿ. ಅದು ಉಬ್ಬೇ ಅಲ್ವಾ? ದೀಪದ ಕಡೆ ಹೊಳಪು, ಆಚೆ ಕಡೆ ನೆರಳು. ಗೆರೆಯೂ ಹಾಗೇ ಇದ್ದರೆ ಉಬ್ಬು, ಉಲ್ಟಾ ಇದ್ದರೆ ತಗ್ಗು. ಎರಡು ಹೊಳೆಯುವ ಏರಿ, ನಡುವೆ ಕಪ್ಪು ಕಾಲುವೆ ಕಂಡರೆ ಅದು ಗೀರೇ. ದೀಪದ ಮುಂದೆ ನಾನು ಇನ್ನೊಂದು ಸಣ್ಣ ವಸ್ತು ಇಡುತ್ತೇನೆ. ಅದೇನು ಅಂತ ಮಾತ್ರ ಹೇಳಲ್ಲ!

ಇನ್ನೂ ಅನುಮಾನ ಇದ್ದರೆ ಅಕ್ಷರದ ಬುಡ ನೋಡಿ. ನನ್ನ ಹತ್ತಿರ ಇರುವ 1862ರ ವಿಕ್ಟೋರಿಯಾ ರೂಪಾಯಿಯಲ್ಲಿ ಕೂದಲೆಳೆಯಂಥ ಗೆರೆ ಅಂಚಿನಿಂದ ಹೊರಟು, ಅಕ್ಷರದ ಬುಡಕ್ಕೆ ಬಂದು, ಎಲ್ಲೂ ತುಂಡಾಗದೆ ಅದರ ಗೋಡೆ ಹತ್ತುತ್ತದೆ. ಗೀರು ಹಾಗಲ್ಲ. ಕೆರೆದ ಮೊನೆ ಬುಡದ ಮೂಲೆಗೆ ಇಳಿಯದೆ ಅಕ್ಷರದ ತಲೆಗೆ ಹಾರುತ್ತದೆ, ನಡುವೆ ಜಾಗ ಬಿಡುತ್ತದೆ. ಅದೇ ಅಚ್ಚಿನ ಇನ್ನೊಂದು ನಾಣ್ಯದಲ್ಲಿ ಅದೇ ಜಾಗಕ್ಕೆ ಗೆರೆ ಸಿಕ್ಕರೆ ಮಾತೇ ಇಲ್ಲ. ಆದರೆ 1862ರ ಇಸವಿ ಹಾಕಿ ವರ್ಷಗಟ್ಟಲೆ ರೂಪಾಯಿ ಹೊಡೆದರು, ಅಚ್ಚುಗಳು ಲೆಕ್ಕವಿಲ್ಲದಷ್ಟು. ಜೋಡಿ ಸಿಗುವುದು ಅದೃಷ್ಟ.

ಉಬ್ಬಿದ್ದೆಲ್ಲ ಬಿರುಕಲ್ಲ. ಅಕ್ಷರದ ಬುಡಕ್ಕೆ ಬಂದು ನಿಲ್ಲುವ, ಒಟ್ಟೊಟ್ಟಿಗೆ ಹೋಗುವ ಸಣ್ಣ ಉಬ್ಬು ಗೆರೆಗಳು ಅಚ್ಚಿಗೆ ಪಾಲಿಶ್ ಮಾಡಿದ ಗುರುತು.

ಗೀರು ಅಂತ ಅರ್ಧ ಬೆಲೆಗೆ ಬರುವ ನಾಣ್ಯಗಳಲ್ಲಿ, ನನ್ನ ಅಂದಾಜಿಗೆ, ಹತ್ತಕ್ಕೆ ಒಂದೋ ಎರಡೋ ನಿಜವಾದ ಬಿರುಕಿನವು, ಅವಕ್ಕೆ ಗೀರಿನ ಹಾಗೆ ಬೆಲೆ ಇಳಿಸಬೇಕಾಗಿಲ್ಲ. ಮೈಕ್ರೋಸ್ಕೋಪ್ ದುಡ್ಡು ಯಾವಾಗಲೋ ವಾಪಸ್ ಬಂದಿದೆ.

ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಇರುವ ನಾಣ್ಯಕ್ಕೆ ಇನ್ನೊಂದು ಪರೀಕ್ಷೆ ಬೇಕು. ಹೋಲ್ಡರ್ ಓರೆ ಮಾಡಿ ನೋಡಿ. ಗೆರೆ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದರೆ ಅದು ನಾಣ್ಯದ್ದಲ್ಲ, ಪ್ಲಾಸ್ಟಿಕ್‌ದು.