ಐದು ಕಾಯಿ ಎತ್ತಿದರೆ ಎಷ್ಟು ಕೆಟ್ಟದ್ದು? ಲೆಕ್ಕ ಹಾಕುವುದು ಹೀಗೆ

ಮಾಟುಂಗಾ ಮಾರ್ಕೆಟ್‌ನಲ್ಲಿ ನಮ್ಮಮ್ಮ ಒಂದೊಂದು ತೆಂಗಿನಕಾಯಿಯನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿಯೇ ಕೊಳ್ಳುವುದು. ಇವತ್ತಿನ ಲೆಕ್ಕಕ್ಕೆ ಅದು ನಡೆಯಲ್ಲ. ಸುಮ್ನೆ ಕಣ್ಣು ಮುಚ್ಚಿ ರಾಶಿಗೆ ಕೈ ಹಾಕಬೇಕು, ಆಗಲೇ ಅದು ರ‍್ಯಾಂಡಮ್ ಸ್ಯಾಂಪಲ್. ರಾಶಿ ದೊಡ್ಡದು, ಹತ್ತರಲ್ಲಿ ಒಂದು ಕೆಟ್ಟಿದೆ ಅಂತ ಇಟ್ಟುಕೊಳ್ಳಿ. ಕೆಟ್ಟದ್ದು ಸಿಗುವ ಸಂಭವನೀಯತೆ 0.1, ಒಳ್ಳೆಯದು 0.9.

ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಎಷ್ಟು ಕಾಯಿ ಎತ್ತಬೇಕು ಅನ್ನೋದು ಮುಂಚೆಯೇ ಗೊತ್ತಾ? ಗೊತ್ತಿದ್ದರೆ ಬೈನಾಮಿಯಲ್, ಅಂದರೆ ಅಷ್ಟರಲ್ಲಿ ಎಷ್ಟು ಕೆಟ್ಟಿರಬಹುದು ಅನ್ನುವ ಲೆಕ್ಕ. ಕೆಟ್ಟದ್ದು ಸಿಗುವ ತನಕ ಎತ್ತುತ್ತಲೇ ಹೋಗುವುದಾದರೆ ಜಿಯೋಮೆಟ್ರಿಕ್, ಅಂದರೆ ಮೊದಲ ಕೆಟ್ಟದ್ದು ಎಷ್ಟನೆಯದಾಗಿ ಸಿಗುತ್ತದೆ ಅನ್ನುವ ಲೆಕ್ಕ.

ಐದು ಎತ್ತಿದ್ದೀರಿ, ಸರಿಯಾಗಿ ಒಂದೇ ಕೆಟ್ಟಿರಬೇಕು. 0.1 × 0.9 × 0.9 × 0.9 × 0.9, ಅಂದರೆ 0.06561. ಮುಗೀತು ಅಂತ ಪೆನ್ನು ಕೆಳಗಿಡಬೇಡಿ, ಯಾಕಂದ್ರೆ ಆ ಕೆಟ್ಟ ಕಾಯಿ ಮೊದಲೇ ಬರಬೇಕು ಅಂತೇನಿಲ್ಲ, ಎರಡನೆಯದಾಗಿ ಬರಬಹುದು, ಕೊನೆಗೂ ಬರಬಹುದು, ಒಟ್ಟು ಐದು ದಾರಿ ಇದೆ ಅಲ್ವಾ? ಐದರಿಂದ ಗುಣಿಸಿ: 0.32805. ನಾನೂ ಕಾಲೇಜಿನಲ್ಲಿ ಈ ಐದನ್ನು ಮರೆತೇ ಮಾರ್ಕ್ಸ್ ಕಳೆದುಕೊಂಡವನು. ಎರಡು ಕೆಟ್ಟಿರಬೇಕಾದರೆ, ಐದರಲ್ಲಿ ಯಾವ ಎರಡು ಅಂತ ಆರಿಸುವ ದಾರಿ 5 × 4 ÷ 2, ಅಂದರೆ 10. ಆಗ 10 × 0.01 × 0.729, ಉತ್ತರ 0.0729.

‘ಕನಿಷ್ಠ ಒಂದು ಕೆಟ್ಟದ್ದು’ ಅಂತ ಕೇಳಿದರೆ ಒಂದು, ಎರಡು, ಮೂರು ಅಂತ ಕೂಡಿಸುತ್ತಾ ಕೂರಬೇಡಿ. ಐದೂ ಒಳ್ಳೆಯದಾಗುವ 0.59049 ಅನ್ನು 1ರಿಂದ ಕಳೆಯಿರಿ. 0.40951 ಬಂತು.

ಜಿಯೋಮೆಟ್ರಿಕ್ ಇನ್ನೂ ಸುಲಭ. ಮೊದಲ ಕೆಟ್ಟ ಕಾಯಿ ಮೂರನೆಯದಾಗಿ ಸಿಗುವುದು: 0.9 × 0.9 × 0.1 = 0.081. ದಾರಿ ಒಂದೇ, ಬೇರೆ ಗುಣಾಕಾರ ಬೇಡ. ಸರಾಸರಿ 1 ÷ 0.1, ಅಂದರೆ ಹತ್ತು ಕಾಯಿ ಎತ್ತಬೇಕಾಗುತ್ತದೆ. ಹಾಗಂತ ಒಂಬತ್ತು ಒಳ್ಳೆಯದು ಬಂದ ಮೇಲೆ ಹತ್ತನೆಯದು ಕೆಟ್ಟದ್ದೇ ಅನ್ನಬೇಡಿ, ಅದಕ್ಕೂ 0.1 ಅಷ್ಟೇ. ಮಟ್ಕಾ ಆಡುವವರು ಮುಳುಗುವುದೂ ಇಂಥ ಲೆಕ್ಕದಲ್ಲೇ. ಹತ್ತೂ ಒಳ್ಳೆಯದೇ ಬರುವ ಸಾಧ್ಯತೆ ಸುಮಾರು 35%.

ಇದೆಲ್ಲ ದೊಡ್ಡ ರಾಶಿಗೆ ಮಾತ್ರ. ಬುಟ್ಟಿಯಲ್ಲಿ 20 ಕಾಯಿ, ಎರಡು ಕೆಟ್ಟದ್ದು, ಎತ್ತಿದ್ದನ್ನು ವಾಪಸ್ ಹಾಕುವುದಿಲ್ಲ ಅಂದರೆ ಪ್ರತಿ ಸಲವೂ ಸಂಭವನೀಯತೆ ಬದಲಾಗುತ್ತದೆ: 18/20 × 17/19 × 16/18 × 15/17 × 14/16. ಐದೂ ಒಳ್ಳೆಯದಾಗುವುದು 0.5526, ಬೈನಾಮಿಯಲ್ ಹೇಳಿದ 0.59 ಅಲ್ಲ. ಸ್ಯಾಂಪಲ್ ರಾಶಿಯ ಹತ್ತನೇ ಒಂದು ಭಾಗದೊಳಗಿದ್ದರೆ ಬೈನಾಮಿಯಲ್ ಬಳಸಿ, ಜಾಸ್ತಿ ಇದ್ದರೆ ಹೀಗೆ ಭಿನ್ನರಾಶಿಗಳನ್ನೇ ಗುಣಿಸಿ.